ಹೊಳೆಬದಿಯಲ್ಲಿ ಬೋಟ್ ಕಟ್ಲಿಕ್ಕೆ ಜಾಗ ಹುಡುಕುವವ್ರು ದಯವಿಟ್ಟು ಓದಿ

ಮಂಗಳೂರಲ್ಲಿ ಗಾಳ ಹಾಕ್ಲಿಕ್ಕೆ, ಮನೆಯವ್ರನ್ನು ಕರ್ಕೊಂಡು ಒಂದು ಸುತ್ತು ಹೋಗ್ಲಿಕ್ಕೆ ಅಂತ ಸ್ವಂತಕ್ಕೆ ಸಣ್ಣ ಫೈಬರ್ ಬೋಟ್ ಮಾಡಿಸಿಕೊಂಡವ್ರು ಈಗ ಸುಮಾರು ಜನ ಇದ್ದಾರೆ. ಬೋಟ್ ತಗೊಳ್ಳುದು ಸುಲಭ, ಕಟ್ಟುದು ಎಲ್ಲಿ ಅನ್ನುದೇ ದೊಡ್ಡ ತಲೆಬಿಸಿ. ಕೊಚ್ಚಿಯ ಬೋಲ್ಗಾಟ್ಟಿಯಲ್ಲಿ ಇರುವ ಹಾಗೆ ಮರೀನಾ, ಅಂದ್ರೆ ಸ್ವಂತ ಬೋಟ್ ಕಟ್ಲಿಕ್ಕೆಂದೇ ಮಾಡಿದ ಜಾಗ, ನಮ್ಮಲ್ಲಿ ಇಲ್ಲ, ದಕ್ಕೆ ಮೀನಿನ ಬೋಟುಗಳಿಗೇ ಸಾಲುದಿಲ್ಲ, ಪಣಂಬೂರಿನದ್ದು ದೊಡ್ಡ ಹಡಗಿನ ಬಂದರು. ಹಾಗಾಗಿ ಉಳಿಯುದು ಗುರುಪುರ ಹೊಳೆ, ನೇತ್ರಾವತಿ ಬದಿಯ ಖಾಸಗಿ ಜೆಟ್ಟಿಗಳು. ನಾನೂ ನಮ್ಮ ಮಾವನೂ ಸೇರಿ ಅಂಥದ್ದೇ ಒಂದು ಕಡೆ ತಿಂಗಳ ಬಾಡಿಗೆಗೆ ಬೋಟ್ ಕಟ್ಟಿದ್ದೆವು. ಆದ ನಷ್ಟ ಆಗಿ ಹೋಯ್ತು, ಬೇರೆಯವ್ರಿಗೆ ಹೀಗೆ ಆಗ್ಬಾರ್ದು ಅಂತಲೇ ಬರೀತಾ ಇದ್ದೇನೆ. ಜೆಟ್ಟಿಯ ಹೆಸರು ಹಾಕುದಿಲ್ಲ, ಆದ್ರೆ ನಡೆದದ್ದು ಪೂರ್ತಿ ಹೇಳ್ತೇನೆ.

ಆ ಜನ ನಮಗೆ ಜಾಗ ತೋರಿಸಿದ್ದು ಭರತ (ಉಬ್ಬರ) ತುಂಬಿದ ಹೊತ್ತಲ್ಲಿ. ನೀರು ಜೆಟ್ಟಿಯ ಹಲಗೆಗೆ ತಾಗುವ ಹಾಗೆ ನಿಂತಿತ್ತು, ಸುತ್ತ ಟಯರ್ ನೇತು ಹಾಕಿದ್ರು, ಕರೆಂಟ್ ಉಂಟು, ನಲ್ಲಿ ನೀರು ಉಂಟು, ರಾತ್ರಿಗೆ ವಾಚ್‌ಮನ್ ಉಂಟು ಅಂದ್ರು. ಇಳಿತಕ್ಕೆ ಎಷ್ಟು ನೀರು ಇರ್ತದೆ ಅಂತ ಮಾವ ಎರಡೆರಡು ಸಲ ಕೇಳಿದ್ರು. ಐದಾರು ಅಡಿಗೆ ಕಮ್ಮಿ ಇಲ್ಲ ಅಂತ ಮುಖ ನೋಡಿಯೇ ಹೇಳಿದ್ದು. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆ ಆಸುಪಾಸಲ್ಲಿ ಭರತಕ್ಕೂ ಇಳಿತಕ್ಕೂ ಹೆಚ್ಚುಕಮ್ಮಿ ಒಂದೂವರೆ ಮೀಟರ್ ವ್ಯತ್ಯಾಸ ಬರ್ತದೆ, ಅಷ್ಟಮಿ ಹತ್ರ ಅದು ತುಂಬಾ ಕಮ್ಮಿ. ಅಮಾವಾಸ್ಯೆ ಇಳಿತಕ್ಕೆ ಹೋಗಿ ನೋಡಿದ್ರೆ ನಮ್ಮ ಬೋಟ್ ಕೆಸರಲ್ಲಿ ಒಂದು ಬದಿಗೆ ವಾಲಿ ಕೂತಿತ್ತು, ಅಲ್ಲಿಂದ ನಾಲ್ಕು ಮಾರು ಆಚೆ ಇಬ್ಬರು ಮೊಣಕಾಲು ನೀರಲ್ಲಿ ನಿಂತು ಮರುವಾಯಿ (ಚಿಪ್ಪು ಮೀನು) ಹೆಕ್ತಾ ಇದ್ರು.

ಕೆಸರಲ್ಲಿ ಕೂತ್ರೆ ಏನಾಯ್ತು, ಫೈಬರ್ ಅಲ್ವಾ ಅಂತ ಜೆಟ್ಟಿಯವ್ರ ಮಾತು. ಏನಾಗ್ತದೆ ಅಂತ ಹೇಳ್ತೇನೆ ಕೇಳಿ. ಔಟ್‌ಬೋರ್ಡ್ ಇಂಜಿನ್ ತಣ್ಣಗಾಗುದು ಹೊಳೆ ನೀರನ್ನೇ ಎಳ್ಕೊಂಡು, ಎತ್ತಿಟ್ಟಿದ್ರೂ ಹೊರಡುವಾಗ ಇಳಿಸ್ಲೇಬೇಕಲ್ಲ, ಕೆಳಗೆ ನೀರು ಸಾಲದಿದ್ರೆ ಅದು ಎಳ್ಕೊಳ್ಳುದು ಹೂಳನ್ನು. ಸ್ಟಾರ್ಟ್ ಮಾಡಿದಾಗ ಹಿಂದಿನ ಸಣ್ಣ ತೂತಿಂದ ನೀರು ಚಿಮ್ಮಬೇಕು, ನಮ್ಮದ್ರಲ್ಲಿ ಬರ್ತಾ ಬರ್ತಾ ಅದು ಹನಿ ಹನಿ ಆಯ್ತು, ಕಡೆಗೊಂದು ದಿನ ಹೊಳೆ ಸಮುದ್ರ ಸೇರುವ ಅಳಿವೆ ಹತ್ರ ಹೀಟ್ ಅಲಾರಂ ಹೊಡ್ಕೊಂಡು ಇಂಜಿನ್ನೇ ಬಂದ್. ಅಳಿವೆ ಬಾಯಲ್ಲಿ ಇಂಜಿನ್ ನಿಂತ್ರೆ ಏನು ಅಂತ ಬೆಂಗ್ರೆಯವ್ರನ್ನು, ಉಳ್ಳಾಲದವ್ರನ್ನು ಕೇಳಿ, ಅಲ್ಲಿ ಮರಳ ದಿಬ್ಬದ ಮೇಲೆ ತೆರೆ ಮುರಿಯುವಾಗ ದೊಡ್ಡ ಬೋಟೇ ಮಗುಚ್ತದೆ. ಪುಣ್ಯಕ್ಕೆ ಒಂದು ನಾಡದೋಣಿಯವ್ರು ಹಗ್ಗ ಬಿಸಾಡಿ ಎಳ್ಕೊಂಡು ಬಂದ್ರು. ಮೆಕ್ಯಾನಿಕ್ ಬಿಚ್ಚಿ ತೋರಿಸಿದಾಗ ನೀರು ತಳ್ಳುವ ರಬ್ಬರ್ ಇಂಪೆಲ್ಲರಿನ ರೆಕ್ಕೆ ಎಲ್ಲ ಸವೆದು, ಸುತ್ತ ಕಪ್ಪು ಕೆಸರು ಗಟ್ಟಿ ಹಿಡಿದಿತ್ತು.

ನಿಜವಾದ ಅನಾಹುತ ಆದದ್ದು ಜೂನಲ್ಲಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರ್ತದೆ, ಟ್ರಾಲ್ ಬೋಟು, ಪರ್ಸೀನ್ ಬೋಟು ಎಲ್ಲ ಒಟ್ಟಿಗೆ ದಡಕ್ಕೆ ಬರುದು, ದಕ್ಕೆಯಲ್ಲಿ, ಮಲ್ಪೆಯಲ್ಲಿ ಒಂದಕ್ಕೊಂದು ತಾಗಿಸಿ ಸಾಲು ಸಾಲು ಕಟ್ತಾರೆ. ಅವ್ರದ್ದು ಹೊಟ್ಟೆಪಾಡು, ಅವ್ರ ಮೇಲೆ ನಂದೇನೂ ದೂರಿಲ್ಲ. ಆದ್ರೆ ನಮ್ಮ ಜೆಟ್ಟಿಯ ಯಜಮಾನ್ರು ನಮ್ಮಿಂದ ಬಾಡಿಗೆ ತಗೊಂಡ ಜಾಗವನ್ನೇ ಜಾಸ್ತಿ ದುಡ್ಡಿಗೆ ಒಂದು ದೊಡ್ಡ ಬೋಟಿಗೆ ಕೊಟ್ಟು, ನಮ್ಮದನ್ನು ಮೂಲೆಗೆ ತಳ್ಳಿ, ಭರತದ ಹೊತ್ತಲ್ಲಿ ಗಿಡ್ಡ ಹಗ್ಗದಲ್ಲಿ ಕಂಬಕ್ಕೆ ಬಿಗಿದಿದ್ರು. ನಮಗೆ ಒಂದು ಫೋನ್ ಸಹ ಇಲ್ಲ. ನೀರು ಇಳಿದಾಗ ಬೋಟಿನ ಭಾರ ಪೂರ್ತಿ ಆ ಹಗ್ಗದ ಮೇಲೆ, ಹಗ್ಗ ಕಟ್ಟುವ ಕ್ಲೀಟು ಫೈಬರ್ ಸಮೇತ ಕಿತ್ತು ಬಂತು. ಆ ತೂತಲ್ಲಿ ಮಳೆ ನೀರು ಒಳಗೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು, ಅದ್ರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೇ. ಗಾಳಿಗೆ ಕರೆಂಟ್ ಹೋಯ್ತು, ಚಾರ್ಜ್ ಇಲ್ಲದೆ ಬ್ಯಾಟ್ರಿ ಸತ್ತಿತು, ಬೋಟಿನೊಳಗಿನ ನೀರು ಹೊರಗೆ ಹಾಕುವ ಬಿಲ್ಜ್ ಪಂಪ್ ನಿಂತಿತು, ವಾಚ್‌ಮನ್ ಮಳೆಗಾಲದಲ್ಲಿ ಬರುದೇ ಇಲ್ವಂತೆ, ಅದು ಆಮೇಲೆ ಗೊತ್ತಾದದ್ದು. ಬೋಟಿನ ಹಿಂಬದಿ ಮುಳುಗಿ ಇಂಜಿನ್ ತಲೆ ತನಕ ಕೆಂಪು ನೀರು. ಮಾವ ಆ ದಿನ ಏನೂ ಮಾತಾಡ್ಲಿಲ್ಲ, ಅವ್ರು ರಿಟೈರ್ ಆದ ದುಡ್ಡಲ್ಲಿ ಮಾಡಿಸಿದ ಬೋಟ್ ಅದು.

ಇನ್ಶೂರೆನ್ಸ್‌ನವ್ರು ಕೇಳಿದ ಮೊದಲನೇ ಕಾಗದವೇ ಮಳೆಗಾಲದಲ್ಲಿ ಬೋಟ್ ಎಲ್ಲಿ, ಯಾರ ಜವಾಬ್ದಾರಿಯಲ್ಲಿ ಇತ್ತು ಅನ್ನುದಕ್ಕೆ ಒಪ್ಪಂದ ಪತ್ರ. ನಾವು ಶುರುವಿಗೇ ಕೇಳಿದ್ದೆವು, ಆಮೇಲೆ ಕೊಡುವ ಅಂತ ದಾಟಿಸ್ತಾ ದಾಟಿಸ್ತಾ ಜೆಟ್ಟಿಯವ್ರು ಕೊಟ್ಟದ್ದು ಸೀಲು ಸಹಿ ಇಲ್ಲದ ಚೀಟಿ. ಈಗ ಕೇಳಿದ್ರೆ ನಾವು ಜಾಗ ಮಾತ್ರ ಕೊಟ್ಟದ್ದು, ಬೋಟ್ ನೋಡ್ಕೊಳ್ಳುದು ನಿಮ್ಮ ಕೆಲಸ ಅಂತಾರೆ.

ಹಾಗಾಗಿ ಜಾಗ ನೋಡ್ಲಿಕ್ಕೆ ಅವ್ರು ಕರೆದ ಹೊತ್ತಿಗೆ ಹೋಗ್ಬೇಡಿ. ನವಮಂಗಳೂರು ಬಂದರಿನ ಟೈಡ್ ಟೇಬಲ್ ನೋಡಿ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಪೂರ್ತಿ ಇಳಿತಕ್ಕೆ ಹೋಗಿ, ಒಂದು ಉದ್ದದ ಬಿದಿರಿನ ಗಳ ಇಳಿಸಿ ನೀವೇ ಅಳೀರಿ, ಕೆಸರಲ್ಲಿ ಗಳ ಎಷ್ಟು ಹೂತು ಹೋಗ್ತದೆ ಅದೂ ನೋಡಿ. ಹೊಳೆ ತಿರುಗುವಲ್ಲಿ ಒಳಬದಿಗೆ ಹೂಳು ತುಂಬುದು, ಆಳ ಇರುದು ಹೊರಬದಿಗೆ, ಆದ್ರೆ ಮಳೆಗಾಲದಲ್ಲಿ ಸೆಳೆತವೂ ಅಲ್ಲೇ ಜಾಸ್ತಿ, ಮೇಲಿಂದ ನೆರೆ ನೀರಲ್ಲಿ ತೆಂಗಿನ ಮರ, ದಿಮ್ಮಿ ಎಲ್ಲ ಬಂದು ಹೊಡೀತದೆ. ತೇಲುವ ಜೆಟ್ಟಿ ಸಿಕ್ಕಿದ್ರೆ ಸ್ವಲ್ಪ ಬಾಡಿಗೆ ಜಾಸ್ತಿ ಆದ್ರೂ ಅಡ್ಡಿಲ್ಲ, ನೀರಿನ ಒಟ್ಟಿಗೆ ಏರಿ ಇಳೀತದೆ, ಹಗ್ಗದ ಈ ರಗಳೆಯೇ ಇಲ್ಲ. ಜೆಟ್ಟಿ ಯಜಮಾನ್ರನ್ನು ಬಿಟ್ಟು ಅಕ್ಕಪಕ್ಕದ ದೋಣಿಯವ್ರನ್ನು, ಮರುವಾಯಿ ಹೆಕ್ಕುವವ್ರನ್ನು ಕೇಳಿ. ನಿಷೇಧದ ಸಮಯದಲ್ಲಿ ನಮ್ಮ ಜಾಗ ನಮಗೇ ಅಂತ ಬರ್ಕೊಡ್ಲಿಕ್ಕೆ ಒಪ್ಪದಿದ್ರೆ ಅಡ್ವಾನ್ಸ್ ಕೊಡ್ಬೇಡಿ. ಕರೆಂಟ್ ಬೋರ್ಡಿಗೆ ಅರ್ಥಿಂಗ್ ಉಂಟಾ ಅಂತಲೂ ನೋಡ್ಲೇಬೇಕು.

ಸಣ್ಣ ಬೋಟಾದ್ರೆ ಮೇ ಮುಗಿಯುವ ಮೊದ್ಲೇ ಹೈಡ್ರಾ ಕ್ರೇನಲ್ಲಿ ಮೇಲೆ ಎತ್ತಿ, ತಳದ ಡ್ರೈನ್ ಪ್ಲಗ್ ತೆಗೆದು, ಟಾರ್ಪಾಲ್ ಹಾಕಿ ಮನೆ ಅಂಗಳದಲ್ಲಿ ಇಡುದು ಒಳ್ಳೇದು. ನಮ್ಮದು ಈಗ ಹಾಗೇ ಉಂಟು, ಫೈಬರ್ ಕೆಲಸ ನಡೀತಾ ಉಂಟು. ಮೊನ್ನೆ ಆ ಬದಿಯಲ್ಲಿ ಹೋಗುವಾಗ ನೋಡಿದ್ರೆ ನಾವು ಬಿಟ್ಟ ಅದೇ ಜಾಗದಲ್ಲಿ ಒಂದು ಹೊಸ ಬೋಟ್, ಬಿಳಿ ಮೈ, ನೀಲಿ ಪಟ್ಟಿ, ಇಂಜಿನ್ನಿನ ಸ್ಟಿಕ್ಕರ್ ಸಹ ಹೋಗ್ಲಿಲ್ಲ. ಆ ಬೋಟಿನವ್ರ ಗುರ್ತ ಯಾರಿಗಾದ್ರೂ ಇದ್ರೆ ದಯವಿಟ್ಟು ಇದನ್ನು ಅವ್ರಿಗೆ ತಲುಪಿಸಿ, ಮಳೆ ಹಿಡಿಯುವ ಮೊದ್ಲು ಅಲ್ಲಿಂದ ತೆಗೀಲಿಕ್ಕೆ ಹೇಳಿ.