ಮಣ್ಣು, ರಟ್ಟು, ತಂತಿ: ಅಮೂರ್ತ ಮಾದರಿಗೆ ಯಾವುದು ಸರಿ?

ಅಮೂರ್ತ ಶಿಲ್ಪಕ್ಕೆ, ಅಂದರೆ ಯಾವುದನ್ನೂ ಹೋಲದೆ ಬರೀ ಆಕಾರಗಳಿಂದಾದ ಶಿಲ್ಪಕ್ಕೆ, ಮೊದಲು ಪುಟ್ಟ ಮಾದರಿ ಮಾಡಬೇಕು ಎಂದ ಕೂಡಲೇ ಕೈ ಹೋಗುವುದು ಜೇಡಿಮಣ್ಣಿಗೆ. ನಿಜಕ್ಕೂ ಅದೇ ಸರಿಯಾ ಅಂತ ನೋಡಲು ಒಂದೇ ಕೆಲಸವನ್ನು ಬೇರೆ ಬೇರೆ ಸಾಮಗ್ರಿಯಲ್ಲಿ ಮಾಡಿದೆ. ಎರಡು ಆಕಾರ ಒಂದಕ್ಕೊಂದು ಒರಗಿರಬೇಕು, ನಡುವೆ ಹಾದುಹೋಗಲು ಜಾಗ ಇರಬೇಕು, ಎತ್ತರ ಒಂದು ಗೇಣು.

ಮಣ್ಣಿನ ಸುಖವೇ ಬೇರೆ. ಅಂಗೈಯಲ್ಲಿ ಹಿಡಿದು ತಿರುಗಿಸುತ್ತಾ ಎಲ್ಲ ಕಡೆಯಿಂದಲೂ ಯೋಚಿಸಬಹುದು. ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ ದೊಡ್ಡ ಶಿಲ್ಪಗಳಿಗೂ ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಮಾದರಿಗಳಿಂದ ಶುರುಮಾಡುತ್ತಿದ್ದ. ಆದರೆ ಮಣ್ಣಿಗೆ ಭಾರ ಜಾಸ್ತಿ. ಒರಗಿದ ಆಕಾರ ನಿಧಾನವಾಗಿ ಕುಸಿಯುತ್ತದೆ. ಕುಸಿಯದಿರಲಿ ಅಂತ ಬುಡ ದಪ್ಪ ಮಾಡುತ್ತೇವೆ, ಸಂದು ಕಿರಿದಾಗುತ್ತದೆ. ಒಳಗೆ ತಂತಿಯ ಹಂದರ ಇಟ್ಟರೆ ಇನ್ನೊಂದು ತಲೆನೋವು: ನೀರಿನ ಮಣ್ಣು ಒಣಗುವಾಗ ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ, ಹಾಗಾಗಿ ಬಿರುಕು ಬೀಳುತ್ತದೆ. ಹಂದರ ಬೇಕೇ ಬೇಕು ಎಂದರೆ ಒಣಗದ ಎಣ್ಣೆ ಮಣ್ಣೇ ಸರಿ.

ಥರ್ಮೋಕೋಲ್ ನನಗೆ ಹಿಡಿಸಲಿಲ್ಲ. ಹಗುರ, ಬೇಗ ಕತ್ತರಿಸಬಹುದು, ಅಷ್ಟೇ. ಕೆಲವು ಅಂಟು ಅದನ್ನೇ ಕರಗಿಸುತ್ತವೆ. ಬಿಸಿ ತಂತಿಯಿಂದ ಕತ್ತರಿಸಿದರೆ ಹೊಗೆ ಬರುತ್ತದೆ, ಕಿಟಕಿ ತೆಗೆದಿಡಬೇಕು.

ತಂತಿಗೆ ವೇಗ ಇದೆ. ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ 1920ರ ದಶಕದಲ್ಲಿ ಬರೀ ತಂತಿ ಬಗ್ಗಿಸಿ ಮುಖಗಳನ್ನು ಮಾಡಿದ್ದು ಸುಮ್ನೆ ಅಲ್ಲ, ಅದು ಗಾಳಿಯಲ್ಲಿ ಗೆರೆ ಎಳೆದ ಹಾಗೆ. ಎರಡು ಮಿಲಿಮೀಟರ್ ಅಲ್ಯೂಮಿನಿಯಂ ತಂತಿ ಕೈಯಲ್ಲೇ ಬಗ್ಗುತ್ತದೆ, ಇಕ್ಕಳ ಬೇಕಾಗುವುದು ತುದಿಗೆ ಮಾತ್ರ. ಒರಗುವಿಕೆ ಚೆನ್ನಾಗಿ ಬಂತು. ಆದರೆ ತಂತಿ ಏನನ್ನೂ ಮರೆಮಾಡುವುದಿಲ್ಲ. ಒಳಗೆ ಯಾವುದು, ಹೊರಗೆ ಯಾವುದು ಅಂತಲೇ ಗೊತ್ತಾಗದಿದ್ದರೆ ಜಾಗದ ಮಾತು ಎಲ್ಲಿಂದ ಬರಬೇಕು?

ನನ್ನ ಮತ ರಟ್ಟಿಗೆ. ಪಿಕಾಸೊ 1912ರಲ್ಲಿ ತನ್ನ ‘ಗಿಟಾರ್’ ಶಿಲ್ಪವನ್ನು ಮೊದಲು ಕಟ್ಟಿದ್ದು ರಟ್ಟಿನಲ್ಲೇ, ತಗಡಿನದು ಬಂದಿದ್ದು ಆಮೇಲೆ. ರಷ್ಯಾ ಮೂಲದ ಶಿಲ್ಪಿ ನೌಮ್ ಗಾಬೊ ಚಪ್ಪಟೆ ಹಾಳೆಗಳನ್ನು ಅಂಚಿಗೆ ಅಂಚು ಸೇರಿಸಿ ತಲೆಯ ಆಕಾರ ನಿಲ್ಲಿಸಿದ, ಒಳಗೆಲ್ಲ ಖಾಲಿ. ರಟ್ಟಿನಲ್ಲಿ ಕೆಲಸ ಮಾಡಿದಾಗ ಅವರಿಗೆ ಏನು ಸಿಕ್ಕಿತು ಅಂತ ಅರ್ಥವಾಗುತ್ತದೆ. ಗೋಡೆ ನಿಲ್ಲಿಸಿದ ಕೂಡಲೇ ಅದರ ಎರಡೂ ಬದಿಗೆ ಜಾಗ ಹುಟ್ಟುತ್ತದೆ. ಕಿಂಡಿ ಕೊರೆದರೆ ಆಚೆಯದು ಈಚೆ ಬರುತ್ತದೆ. 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ) ಹಾಳೆ ಸಾಕು. ಅದರ ನಾರು ಯಾವ ಕಡೆಗಿದೆ ನೋಡಿ, ಅದೇ ದಿಕ್ಕಿಗೆ ಮಡಿಸಿದರೆ ಮಡಿಕೆ ಸಿಡಿಯುವುದಿಲ್ಲ. ಮೊದಮೊದಲು ಅಂಟೇ ಬೇಡ. ಎರಡೂ ತುಂಡನ್ನು ಅರ್ಧದವರೆಗೆ ಮಾತ್ರ ಸೀಳಿ, ಆ ಸೀಳಿನಲ್ಲಿ ಒಂದಕ್ಕೊಂದು ಸಿಕ್ಕಿಸಿದರೆ ಬಿಚ್ಚಿ ಮತ್ತೆ ಕಟ್ಟಬಹುದು. ಮಣ್ಣಿನಲ್ಲಿ ಒಂದು ಬದಲಾವಣೆಗೆ ಹಿಡಿಯುವ ಹೊತ್ತಲ್ಲಿ ಇಲ್ಲಿ ಮೂರು ನಾಲ್ಕು ಜೋಡಣೆ ನೋಡಬಹುದು.

ಇನ್ನೊಂದು ಲಾಭ ನಾನು ಅಂದುಕೊಂಡಿರಲಿಲ್ಲ. ಮೂರೂವರೆ ಸೆಂಟಿಮೀಟರ್ ಎತ್ತರದ ಕಾಗದದ ಮನುಷ್ಯನನ್ನು ಪಕ್ಕದಲ್ಲಿ ನಿಲ್ಲಿಸಿ. 1:50 ಅಳತೆಯಲ್ಲಿ, ಅಂದರೆ ಮಾದರಿಯ ಒಂದು ಸೆಂಟಿಮೀಟರ್ ನಿಜದಲ್ಲಿ ಐವತ್ತು ಸೆಂಟಿಮೀಟರ್ ಎಂದಾಗ, ಆ ಗೇಣುದ್ದದ ರಟ್ಟು ಮೂರು ಮಹಡಿಯಷ್ಟಾಗುತ್ತದೆ! ಮೊಬೈಲನ್ನು ಅವನ ಕಣ್ಣಿನ ಮಟ್ಟಕ್ಕೆ ಇಳಿಸಿ ಫೋಟೊ ತೆಗೆಯಿರಿ. ಮೇಲಿಂದ ಚಂದ ಕಂಡ ಸಂದು ಅಲ್ಲಿಂದ ಉಸಿರುಗಟ್ಟಿಸುವಂತೆ ಕಾಣಬಹುದು.

ರಟ್ಟು ಸೋಲುವುದು ಎರಡು ಕಡೆಗೆ ಬಾಗಿದ ಮೈಯಲ್ಲಿ. ಮೊಟ್ಟೆಯಂಥ ಉಬ್ಬು ಬೇಕಾದರೆ ಅದು ಒಪ್ಪುವುದೇ ಇಲ್ಲ. ಅಲ್ಲಿ ಮಾತ್ರ ನಾನು ಮತ್ತೆ ಮಣ್ಣಿಗೆ ಹೋಗುತ್ತೇನೆ, ಅದೂ ಜಾಗ ಎಷ್ಟು ಬೇಕೆಂದು ರಟ್ಟಿನಲ್ಲಿ ನಿಕ್ಕಿಯಾದ ಮೇಲೆ.