ಪೂರ್ತಿ ಸಿಲಿಕೋನ್ ಫೋಲಿ ಕ್ಯಾಥೆಟರ್ (16 ಫ್ರೆಂಚ್): ವರ್ಷಗಟ್ಟಲೆ ಬಳಸಿದ ಮೇಲೆ

ಮೂತ್ರ ಹೊರತರಲು ಮೂತ್ರಕೋಶಕ್ಕೆ ಹಾಕುವ ಪೈಪ್ (ಅದೇ ಫೋಲಿ ಕ್ಯಾಥೆಟರ್) ಲೇಟೆಕ್ಸ್ ರಬ್ಬರಿನದು ಬಿಟ್ಟು ಸಿಲಿಕೋನ್‌ನದು ಹಾಕಿಸಬೇಕಾ ಅಂತ ಯೋಚಿಸುತ್ತಿದ್ದೀರಾ? ಹಾಕಿಸಿ. ಆದರೆ ಇದು 12 ವಾರದವರೆಗೆ ಬಾಳುತ್ತದೆ ಅನ್ನುವ ಮಾತನ್ನೇ ನಂಬಿಕೊಂಡು ಕೂರಬೇಡಿ. ನನ್ನ ಲೆಕ್ಕದಲ್ಲಿ 5ಕ್ಕೆ 3.5. ಕಳೆದುಕೊಂಡ ಅಂಕದಲ್ಲಿ ಹೆಚ್ಚಿನ ಪಾಲು ಒಂದು ಬ್ಯಾಕ್ಟೀರಿಯಾದ್ದು, ಕಂಪನಿಯದಲ್ಲ.

ನಮ್ಮ ಮಾವನವರಿಗೆ ಸ್ಟ್ರೋಕ್ ಆದ ಮೇಲೆ ಮೂತ್ರ ತಾನಾಗಿ ಹೋಗುವುದು ನಿಂತಿತು. ಆಗಿನಿಂದ ಪೈಪ್ ಇದೆ. ಮೊದಲು ಲೇಟೆಕ್ಸ್‌ನದು ಹಾಕುತ್ತಿದ್ದರು, ಅದು ಬೇಗ ಬೇಗ ಕಟ್ಟಿಕೊಳ್ಳುತ್ತಿತ್ತು. 16 ಫ್ರೆಂಚ್ ಅಂದರೆ ಹೊರಗಿನ ವ್ಯಾಸ ಸುಮಾರು 5.3 ಮಿಲಿಮೀಟರ್. ಎರಡೂ ಹೊರಗಿಂದ ಅಷ್ಟೇ ದಪ್ಪ. ಆದರೆ ಸಿಲಿಕೋನ್‌ನ ಗೋಡೆ ತೆಳು, ಹಾಗಾಗಿ ಒಳಗಿನ ದಾರಿ ಅಗಲ. ಲೇಟೆಕ್ಸ್ ಅಲರ್ಜಿಯ ಭಯವೂ ಇಲ್ಲ. ನಾವು ತರುವ ಪೈಪ್ ಪಾರದರ್ಶಕ, ಒಳಗೆ ಗಸಿ ಬರುತ್ತಿದ್ದರೆ ಕಾಣುತ್ತದೆ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಇದು ದೊಡ್ಡ ಅನುಕೂಲ.

ಆದರೂ ಕಟ್ಟಿಕೊಳ್ಳುತ್ತದೆ. ತೆಗೆದ ಪೈಪ್‌ನ ತುದಿ ನೋಡಿದರೆ, ನೀರು ಕಾಯಿಸುವ ಕಾಯಿಲ್ ಮೇಲೆ ಕೂರುತ್ತದಲ್ಲ, ಅಂಥದ್ದೇ ಒರಟು ಬಿಳಿ ಪದರ. ಬಂದ ನೆಂಟರೆಲ್ಲ ಬೋರ್‌ವೆಲ್ ನೀರನ್ನೇ ಬೈದರು. ಒಬ್ಬರು ಹಾಲು ನಿಲ್ಲಿಸಿ ಅಂದರು, ಇನ್ನೊಬ್ಬರು ಬಾಳೆದಿಂಡಿನ ರಸ ಕೊಡಿ ಅಂದರು. ಯೂರಿನ್ ಕಲ್ಚರ್‌ನಲ್ಲಿ (ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ನೋಡುವ ಪರೀಕ್ಷೆ) ಬಂದ ಹೆಸರು ಮಾತ್ರ ಬೇರೆ: ಪ್ರೋಟಿಯಸ್ ಮಿರಾಬಿಲಿಸ್.

ಈ ಬ್ಯಾಕ್ಟೀರಿಯಾ ಯೂರಿಯೇಸ್ ಅನ್ನೋ ಕಿಣ್ವ ತಯಾರಿಸುತ್ತದೆ. ಮೂತ್ರದಲ್ಲಿ ಯೂರಿಯಾ ಧಾರಾಳವಾಗಿ ಇರುತ್ತದೆ, ಹೊಲಕ್ಕೆ ಎರಚುವ ಅದೇ ಯೂರಿಯಾ. ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡುತ್ತದೆ. ಬ್ಯಾಗ್ ಖಾಲಿ ಮಾಡುವಾಗ ಮೂಗಿಗೆ ಹೊಡೆಯುವ ಘಾಟು ಅದೇ. ಮೂತ್ರದ ಪಿಎಚ್ (ಹುಳಿ, ಕ್ಷಾರದ ಅಳತೆ) ಸಾಮಾನ್ಯವಾಗಿ 6ರ ಆಸುಪಾಸು ಇರುತ್ತದೆ. ಅಮೋನಿಯಾ ಸೇರಿದಾಗ 8 ದಾಟಬಹುದು. ಅಷ್ಟು ಕ್ಷಾರವಾದರೆ ಕರಗಿಕೊಂಡಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಫಾಸ್ಫೇಟ್ ಹರಳಾಗಿ ಹೊರಬೀಳುತ್ತವೆ. ಪೈಪ್‌ಗೆ ಬ್ಯಾಕ್ಟೀರಿಯಾದ ಲೋಳೆ ಮೊದಲೇ ಅಂಟಿರುತ್ತದೆ, ಹರಳು ಅದರಲ್ಲಿ ಸಿಕ್ಕಿಕೊಂಡು ಗಟ್ಟಿಯಾಗುತ್ತದೆ. ಅಂದರೆ ಕುಡಿಯುವ ನೀರಿನ ಸುಣ್ಣ ಇಲ್ಲಿ ಮೂಲವಲ್ಲ. ಹಾಲು ನಿಲ್ಲಿಸಿದರೆ ವಯಸ್ಸಾದವರ ಮೂಳೆಗೆ ನಷ್ಟ ಅಷ್ಟೇ.

ಹಾಗಾದರೆ ಆ್ಯಂಟಿಬಯೋಟಿಕ್ ಕೊಟ್ಟು ಮುಗಿಸಬಹುದಲ್ವಾ ಅಂತ ನಾನೂ ಕೇಳಿದೆ. ಲೋಳೆ ಮತ್ತು ಹರಳಿನ ಒಳಗೆ ಕುಳಿತಿರುವುದಕ್ಕೆ ಔಷಧಿ ಸರಿಯಾಗಿ ತಟ್ಟುವುದಿಲ್ಲ. ಜ್ವರ, ಚಳಿ ಏನೂ ಇಲ್ಲದೆ ಬರೀ ಕಲ್ಚರ್ ರಿಪೋರ್ಟ್ ನೋಡಿ ಮಾತ್ರೆ ನುಂಗಿಸಿದರೆ, ಕೊನೆಗೆ ಮಾತ್ರೆಗೆ ಬಗ್ಗದ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತದೆ. ಮತ್ತೆ ಮತ್ತೆ ಬ್ಲಾಕ್ ಆಗುತ್ತಿದ್ದರೆ ಮೂತ್ರಕೋಶದಲ್ಲಿ ಕಲ್ಲಿದೆಯಾ ಅಂತ ಸ್ಕ್ಯಾನ್ ಮಾಡಿಸುವುದು ಮೇಲು. ಪ್ರೋಟಿಯಸ್ ಕಲ್ಲಿನೊಳಗೇ ಅಡಗಿಕೊಂಡಿದ್ದು ಹೊಸ ಪೈಪ್‌ಗೂ ಹತ್ತುತ್ತದೆ. ನಮ್ಮ ಮಾವನವರಿಗೆ ಇದ್ದ ಸಣ್ಣ ಕಲ್ಲು ತೆಗೆಸಿದ ಮೇಲೆ ಪೈಪ್ ಎಷ್ಟೋ ಹೆಚ್ಚು ಕಾಲ ಬಾಳುತ್ತಿದೆ.

ನೀರು ಜಾಸ್ತಿ ಕುಡಿಸುವುದು, ಜೊತೆಗೆ ನಿಂಬೆ ಪಾನಕ, ಇವಕ್ಕೆ ಅರ್ಥವಿದೆ. ಮೂತ್ರ ತೆಳುವಾಗಿ, ನಿಂಬೆಯಿಂದ ಅದರಲ್ಲಿ ಸಿಟ್ರೇಟ್ ಹೆಚ್ಚಿದರೆ ಹರಳು ಕಟ್ಟುವುದು ತಡವಾಗುತ್ತದೆ. ಹೃದಯ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ನೀರಿನ ಅಳತೆ ಹೆಚ್ಚಿಸಬೇಕು. ಬೆಳ್ಳಿ ಲೇಪದ ದುಬಾರಿ ಪೈಪ್ ಕೂಡ ಬರುತ್ತದೆ. ಪ್ರೋಟಿಯಸ್ ಅದರ ಮೇಲೂ ಪದರ ಕಟ್ಟುತ್ತದೆ, ನಾವು ಅದರ ಗೋಜಿಗೆ ಹೋಗಲಿಲ್ಲ.

ಸಿಲಿಕೋನ್‌ನದೇ ಕೊರತೆಗಳೂ ಇವೆ. ಬೆಲೆ ಲೇಟೆಕ್ಸ್‌ಗಿಂತ ಎಷ್ಟೋ ಜಾಸ್ತಿ. ಪೈಪ್ ಹೊರಗೆ ಜಾರದಂತೆ ಮೂತ್ರಕೋಶದೊಳಗೆ ನೀರು ತುಂಬಿ ಉಬ್ಬಿಸಿಟ್ಟ ಸಣ್ಣ ಬಲೂನ್ ಇರುತ್ತದೆ, ಅದರ ನೀರು ನಿಧಾನವಾಗಿ ಸೋರಿ ಕಡಿಮೆಯಾಗುತ್ತದೆ. ತೆಗೆಯುವಾಗ ಬಲೂನ್ ಪೂರ್ತಿ ಚಪ್ಪಟೆಯಾಗದೆ ಮಡಿಕೆ ನಿಲ್ಲುತ್ತದೆ, ಅದರ ಮೇಲೆ ಹರಳೂ ಕೂತಿದ್ದರೆ ಮಾವನವರು ಹಲ್ಲು ಕಚ್ಚಿಕೊಳ್ಳುತ್ತಾರೆ. ಮನೆಗೆ ಬರುವ ನರ್ಸ್ ಸಿರಿಂಜಿನಿಂದ ರಭಸವಾಗಿ ಎಳೆಯದೆ, ನೀರು ತಾನಾಗಿ ಬರಲು ಬಿಡುತ್ತಾರೆ. ಅದರಿಂದ ನೋವು ಕಡಿಮೆ.

ಈಗ ನಾವು ಕ್ಯಾಲೆಂಡರ್ ನೋಡಿ ಬದಲಾಯಿಸುವುದಿಲ್ಲ. ಹಳೆಯ ಪೈಪ್‌ಗಳು ಎಷ್ಟು ದಿನಕ್ಕೆ ಕಟ್ಟಿಕೊಂಡವು ಅಂತ ಬರೆದಿಟ್ಟು, ಅದಕ್ಕಿಂತ ಮುಂಚೆಯೇ ಬದಲಾಯಿಸುತ್ತೇವೆ. ಬ್ಯಾಗ್‌ಗೆ ಮೂತ್ರ ಬಾರದೆ ಪೈಪ್ ಪಕ್ಕದಿಂದ ಸೋರುತ್ತಿದ್ದರೆ, ಕಿಬ್ಬೊಟ್ಟೆ ಉಬ್ಬಿದರೆ, ಚಳಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಒತ್ತಡಕ್ಕೆ ಸೋಂಕಿನ ಮೂತ್ರ ಕಿಡ್ನಿ ಕಡೆಗೆ ಹಿಂದಕ್ಕೆ ಹೋಗಬಹುದು, ಅಲ್ಲಿಂದ ರಕ್ತಕ್ಕೂ ಸೇರಬಹುದು.

ಕೊಳ್ಳುವಾಗ ಪ್ಯಾಕೆಟ್ ಮೇಲೆ ‘ಆಲ್ ಸಿಲಿಕೋನ್’ ಅಂತ ಇದೆಯಾ ನೋಡಿ. ‘ಸಿಲಿಕೋನ್ ಕೋಟೆಡ್’ ಅಂತಿದ್ದರೆ ಒಳಗಿರುವುದು ಲೇಟೆಕ್ಸೇ. ಮೆಡಿಕಲ್ ಶಾಪ್‌ನವರು ಎರಡೂ ಒಂದೇ ಅಂತ ಕೊಟ್ಟುಬಿಡುತ್ತಾರೆ.