ಉಬ್ಬಲ್ಲು ಅಂತ ಬರೀ ತಂತಿ ಹಾಕಿಸಬೇಡಿ, ಮೊದಲು ಅಚ್ಚು ತೆಗೆಸಿ

ಮಂಡ್ಯದಲ್ಲಿ ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸೋಕೆ ಹೊರಟವರು ಇದನ್ನೊಮ್ಮೆ ಓದಿ. ಬಾಯಿಗೆ ಟಾರ್ಚ್ ಬಿಟ್ಟು, "ಉಬ್ಬಲ್ಲು ಅಷ್ಟೇ, ತಂತಿ ಹಾಕಿದ್ರೆ ಒಳಗೆ ಹೋಗುತ್ತೆ" ಅಂತ ಅಲ್ಲೇ ಅಡ್ವಾನ್ಸ್ ಕೇಳುವ ಕಡೆ ದಯವಿಟ್ಟು ಕೂರಬೇಡಿ.

ನಮ್ಮ ಹುಡುಗನಿಗೆ ಆಗ 12 ದಾಟಿತ್ತು. ನಾವು ಹೋದ ಅಂಥದೇ ಒಂದು ಕ್ಲಿನಿಕ್‌ನಲ್ಲಿ ಹಲ್ಲಿನ ಸಾಲಿನ ಅಚ್ಚು ತೆಗೆಯಲಿಲ್ಲ. ಪಕ್ಕದಿಂದ ತೆಗೆಯುವ ತಲೆಯ ಎಕ್ಸ್‌ರೇ ಬೇಡ್ವಾ ಅಂದರೆ "ಸುಮ್ನೆ ಖರ್ಚು" ಅಂದರು. ಮೇಲಿನ ಸಾಲಿಗೆ ಮಾತ್ರ ತಂತಿ ಬಿತ್ತು. ಹಲ್ಲು ಒಳಗೆ ಬಂದಿದ್ದು ನಿಜ, ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ. ಆದರೆ ಗದ್ದ ಹಿಂದೆಯೇ ಉಳಿಯಿತು, ಕೆಳಗಿನ ಹಲ್ಲು ಅಂಗುಳಕ್ಕೆ ಚುಚ್ಚೋದು ನಿಲ್ಲಲಿಲ್ಲ, ತಂತಿ ಬಿಚ್ಚಿ ರಿಟೈನರ್ (ಸರಿಯಾದ ಹಲ್ಲು ಮತ್ತೆ ಸರಿಯದಂತೆ ಹಿಡಿಯುವ ಸಾಧನ) ಕೂಡ ಕೊಡದೆ ಕಳಿಸಿದ್ದರಿಂದ ಹಲ್ಲು ಮತ್ತೆ ಮುಂದಕ್ಕೆ ಹೊರಟವು.

ಆಮೇಲೆ ಮೈಸೂರಿನ ಆರ್ಥೊಡಾಂಟಿಸ್ಟ್ (ಹಲ್ಲು, ದವಡೆ ಸಾಲು ಸರಿಪಡಿಸುವ ತಜ್ಞರು) ಒಬ್ಬರು ಎರಡೂ ಸಾಲಿನ ಪ್ಲಾಸ್ಟರ್ ಅಚ್ಚು ಮಾಡಿ ಮೇಜಿನ ಮೇಲಿಟ್ಟರು. ಮೇಲಿನ ಸಾಲು ಇಕ್ಕಟ್ಟಾಗಿ, ಮುಂದೆ ಚೂಪಾಗಿತ್ತು. ಕೆಳಗಿನ ಅಚ್ಚನ್ನು ಅದು ಇರಬೇಕಾದ ಜಾಗಕ್ಕೆ ಮುಂದೆ ತಳ್ಳಿ ತೋರಿಸಿದರು. ಹಿಂದಿನ ದವಡೆ ಹಲ್ಲು ಒಂದರ ಮೇಲೊಂದು ಕೂರಲೇ ಇಲ್ಲ, ಕೆಳಗಿನವು ಹೊರಗೆ ಚಾಚಿಕೊಂಡವು. ಅಂದರೆ ಮೊದಲು ಮೇಲಿನ ಸಾಲು ಅಗಲ ಆಗಬೇಕಿತ್ತು, ಅಲ್ವಾ? ಟಾರ್ಚ್ ಬೆಳಕಲ್ಲಿ ಇದು ಎಲ್ಲಿ ಕಾಣಬೇಕು!

ಹೀಗೆ ಕೆಳಗಿನ ಸಾಲು ಹಿಂದಿದ್ದು, ಮೇಲಿನ ಮುಂದಿನ ಹಲ್ಲು ಉಬ್ಬಿರೋದಕ್ಕೆ ಕ್ಲಾಸ್ 2 ಡಿವಿಷನ್ 1 ಅಂತಾರೆ. 1899ರಲ್ಲಿ ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ ಮಾಡಿದ ವಿಂಗಡಣೆ. ಅದರಲ್ಲಿ ಮೊದಲು ನೋಡೋದು ಸುಮಾರು 6ನೇ ವಯಸ್ಸಿಗೆ ಬರುವ ಕಾಯಂ ದವಡೆ ಹಲ್ಲು ಹೇಗೆ ಕೂತಿದೆ ಅಂತ. ಡಿವಿಷನ್ 2ರಲ್ಲಿ ಮೇಲಿನ ನಡುವಿನ ಹಲ್ಲು ಒಳಕ್ಕೆ ವಾಲಿರುತ್ತವೆ, ಸಾಲು ಸಾಮಾನ್ಯವಾಗಿ ಅಷ್ಟು ಇಕ್ಕಟ್ಟಲ್ಲ. ಕ್ಲಾಸ್ 3ರಲ್ಲಿ ಕೆಳಗಿನ ಸಾಲು ಮುಂದಿರುತ್ತೆ, ಮೇಲಿನದು ಎಷ್ಟೋ ಸಲ ಕಿರಿದು. ಎಲ್ಲರಿಗೂ ಒಂದೇ ತಂತಿ ಹೇಗೆ ಸರಿಹೋಗುತ್ತೆ?

ಅಂಗುಳ ಅಗಲ ಮಾಡೋದಾಗಲಿ, ಕೆಳದವಡೆಯನ್ನು ಮುಂದಕ್ಕೆ ತರುವ ಟ್ವಿನ್ ಬ್ಲಾಕ್ ಅನ್ನೋ ಸಾಧನ ಹಾಕೋದಾಗಲಿ, ಬೆಳೆಯುವ ವಯಸ್ಸಲ್ಲೇ ಜಾಸ್ತಿ ಫಲ ಕೊಡುತ್ತೆ. ನಮ್ಮವನ ಆ ವಯಸ್ಸು ತಂತಿ ಬಿಗಿಸೋದರಲ್ಲೇ ಕಳೆಯಿತು. ಈಗ ಮೀಸೆ ಬಂದಿದೆ, ಆಪರೇಷನ್ ಮಾತೂ ಬಂದಿದೆ.

ಹಾಗಾಗಿ ಡಾಕ್ಟರ್ ಆರ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ (ದಂತವೈದ್ಯರ ಸ್ನಾತಕೋತ್ತರ ಪದವಿ) ಮಾಡಿದ್ದಾರಾ ಕೇಳಿ. ನಾಚಿಕೆ ಬೇಡ. ಅನುಮಾನ ಇದ್ದರೆ ಮೈಸೂರಿನ ಡೆಂಟಲ್ ಕಾಲೇಜಿಗೆ ಹೋಗಿ ಇನ್ನೊಮ್ಮೆ ತೋರಿಸಿ. ಎಕ್ಸ್‌ರೇ, ಅಚ್ಚಿನ ಫೋಟೋ ಇಸ್ಕೊಂಡು ಇಟ್ಟುಕೊಳ್ಳಿ. ನಾವು ಹಳೇ ಕ್ಲಿನಿಕ್‌ಗೆ ಹೋಗಿ ದಾಖಲೆ ಕೇಳಿದರೆ ಅವರ ಹತ್ತಿರ ದುಡ್ಡಿನ ರಸೀದಿ ಬಿಟ್ಟು ಏನೂ ಇರಲಿಲ್ಲ.